ಕೆಂಪು ಚುಕ್ಕೆ ದಾಟಿದ ಗೆರೆ

"ಸಿಸ್ಟರ್, ಮೇಜಿನ ಮೇಲಿರೋ ಆ ರೆಕ್ಸಿನ್ ತೆಗೀರಿ."

"ಅದು ಅಂಟಿಸಿರೋದು ಮೇಡಂ. ಹೊಸದು. ಹಾಕಿ ಹದಿನೈದು ದಿನ ಆಗಿದೆ ಅಷ್ಟೇ."

"ಹೊಸದು ಅಂತಾನೇ ತೆಗೀರಿ ಅಂತಿರೋದು."

ನರ್ಸಮ್ಮ ಅಲುಗಾಡಲಿಲ್ಲ. ಏಪ್ರನ್ನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಮ್ಮ ಮೀಸೆ ದಫೇದಾರರು ನಿಂತಿದ್ದರು. ಅವರು ನಿಂತರೆ ಬಾಗಿಲಿಗೆ ಬೇರೆ ಬೀಗ ಬೇಕಾಗುವುದಿಲ್ಲ.

ಮಧ್ಯಾಹ್ನ ಒಂದೂಮುಕ್ಕಾಲು. ಕ್ಲಿನಿಕ್ಕಿನ ಹಿಂಬದಿಯ ಕೋಣೆ. ಸ್ಪಿರಿಟ್ ವಾಸನೆ, ತುಕ್ಕು ಹಿಡಿದ ತೂಕದ ಯಂತ್ರ, ಬಣ್ಣ ಹೋದ ಎರಡು ಕುರ್ಚಿ, ಒಂದು ಕಾಲಿನ ಕೆಳಗೆ ಕಾಗದ ಮಡಿಸಿಟ್ಟ ಮೇಜು. ಎಲ್ಲವೂ ಓಬೀರಾಯನ ಕಾಲದ್ದು, ಮೇಜಿನ ಮೇಲಿನ ಹಸಿರು ರೆಕ್ಸಿನ್ ಒಂದೇ ಹೊಚ್ಚ ಹೊಸದು. ಇಪ್ಪತ್ತು ವರ್ಷದ ಪೊಲೀಸ್ ಕೆಲಸದಲ್ಲಿ ನಾನು ಕಲಿತದ್ದು ಹೆಚ್ಚೇನಿಲ್ಲ. ಹಳೇ ಮನೆಯಲ್ಲಿ ಒಂದು ಗೋಡೆಗೆ ಮಾತ್ರ ಹೊಸ ಸುಣ್ಣ ಕಂಡರೆ ಅದನ್ನು ಕೆರೆದು ನೋಡಬೇಕು, ಅಷ್ಟೇ.

ಈ ಕೋಣೆಗೆ ವಾರಕ್ಕೊಮ್ಮೆ ಇಪ್ಪತ್ತಮೂರು ಜನ ಬರುತ್ತಿದ್ದರು. ಎಲ್ಲರಿಗೂ ಕೈ ನಡುಗುವ ಕಾಯಿಲೆ. ಇಲ್ಲಿಯ ಡಾಕ್ಟರು ತಾವೇ ಕಂಡುಹಿಡಿದ ಇಂಜೆಕ್ಷನ್ನನ್ನು ಅವರ ಮೇಲೆ ಪ್ರಯೋಗಿಸುತ್ತಿದ್ದರು. ಆ ಇಪ್ಪತ್ತಮೂರರಲ್ಲಿ ಒಬ್ಬ, ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್, ಹದಿನಾರು ದಿನದ ಹಿಂದೆ ತನ್ನ ಅಂಗಡಿಯಲ್ಲೇ ರಕ್ತ ಹರಿದು ಸತ್ತ. ಇನ್ನೊಬ್ಬ, ಕಾರ್ಖಾನೆ ಕ್ಯಾಂಟೀನಿನ ಅಡುಗೆಯವ, ಈ ಸೋಮವಾರ ಮೂವತ್ತು ಜನರ ಕಣ್ಣೆದುರಿಗೆ ತನ್ನ ಜೀವದ ಗೆಳೆಯನಿಗೆ ಚಾಕು ಇಳಿಸಿದ. ಇಬ್ಬರ ಜೇಬಿನಲ್ಲೂ ಈ ಕ್ಲಿನಿಕ್ಕಿನ ಹಳದಿ ಕಾರ್ಡು ಇತ್ತೆಂದು ನನ್ನ ಮಂದ ತಲೆಗೆ ಹೊಳೆದದ್ದು ಇವತ್ತು ಬೆಳಿಗ್ಗೆ.

ಹೊಳೆದ ಕೂಡಲೇ ಇನ್ನೊಂದು ನೆನಪಾಯಿತು. ಅಂಥದ್ದೇ ಹಳದಿ ಕಾರ್ಡು ನನ್ನ ತಂಗಿಯ ಮನೆಯ ಕನ್ನಡಿಯ ಸಂದಿಯಲ್ಲಿ ಸಿಕ್ಕಿಸಿದೆ.

ಅವಳಿಗೆ ಐದು ತಿಂಗಳ ಮಗು ಇದೆ. ಹೆರಿಗೆಯಾದ ಮೇಲೆ ಅವಳ ಕೈ ನಡುಗಲು ಶುರುವಾಯಿತು. ಮಗುವನ್ನು ಎತ್ತಿಕೊಳ್ಳಲು ಹೆದರಿಕೆ, ನೀರು ಹಾಕಲು ಹೆದರಿಕೆ, ಕೈಜಾರಿ ಬೀಳಿಸಿಬಿಟ್ಟರೆ ಅಂತ. ಡಾಕ್ಟರ ಕೈಕಾಲು ಹಿಡಿದು ಈ ಪ್ರಯೋಗದ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿದವಳು ನಾನೇ. ಹಾಗಾಗಿ ಈ ಮಧ್ಯಾಹ್ನ ನಾನು ಬಂದದ್ದು ಇನ್ಸ್‌ಪೆಕ್ಟರಾಗಿ ಅರ್ಧ, ಅಕ್ಕನಾಗಿ ಅರ್ಧ. ಅಕ್ಕನ ಅರ್ಧಕ್ಕೆ ವಿಪರೀತ ಹೆದರಿಕೆಯಾಗಿತ್ತು.

ನನ್ನ ಮುಂದೆ ಕಟಿಂಗ್ ಮಾಸ್ಟರನ ಫೈಲು ತೆರೆದಿತ್ತು. ಒಂಬತ್ತು ವಾರ, ಒಂಬತ್ತು ಹಾಳೆ. ರೋಗಿಗಳಿಗೆ ಇಲ್ಲಿ ಕೊಡುವ ಪರೀಕ್ಷೆ ಮಕ್ಕಳಾಟದಂಥದ್ದು. ಹಾಳೆಯ ನಡುವೆ ಪೆನ್ನು ಊರಿ, ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತಾ ಹೊರಗೆ ಬರಬೇಕು. ನಾಲ್ಕು ಸುತ್ತು. ಕೊನೆಯಲ್ಲಿ ಒಂದು ಕೆಂಪು ಚುಕ್ಕೆ ಇರುತ್ತದೆ, ಅಲ್ಲಿ ನಿಲ್ಲಿಸಬೇಕು.

ಮೊದಲ ವಾರದ ಗೆರೆ ಗರಗಸದ ಹಲ್ಲಿನಂತಿತ್ತು, ಆದರೆ ಸರಿಯಾಗಿ ಚುಕ್ಕೆಯ ಮೇಲೆ ನಿಂತಿತ್ತು. ಮೂರನೇ ವಾರಕ್ಕೆ ಹಲ್ಲು ಸವೆದಿದ್ದವು. ಐದನೇ ವಾರ ಗೆರೆ ನುಣುಪಾಗಿ, ಕೈವಾರ ಇಟ್ಟು ಎಳೆದಂತಿತ್ತು. ಪಕ್ಕದಲ್ಲಿ ಡಾಕ್ಟರು ಕೆಂಪು ಶಾಯಿಯಲ್ಲಿ "ಅತ್ಯುತ್ತಮ" ಎಂದು ಬರೆದಿದ್ದರು.

ಆರನೇ ವಾರ ಗೆರೆ ಚುಕ್ಕೆಯನ್ನು ಕೂದಲೆಳೆಯಷ್ಟು ದಾಟಿತ್ತು. ಏಳನೇ ವಾರ ಒಂದು ಬೆರಳು. ಎಂಟನೇ ವಾರ ಒಂದು ಪೂರ್ತಿ ಸುತ್ತು. ಒಂಬತ್ತನೆಯದರಲ್ಲಿ ಗೆರೆ ಸುತ್ತುತ್ತಾ ಸುತ್ತುತ್ತಾ ಹಾಳೆಯ ಅಂಚು ದಾಟಿ ಹೊರಬಿದ್ದಿತ್ತು. ಅದಕ್ಕೂ "ಅತ್ಯುತ್ತಮ" ಸಿಕ್ಕಿತ್ತು. ನಡುಕ ಅಳೆಯಲು ಕೂತವರು ನಡುಕವನ್ನಷ್ಟೇ ಅಳೆದಿದ್ದರು. ಗೆರೆ ಎಲ್ಲಿ ನಿಂತಿತು ಎಂದು ಯಾರೂ ನೋಡಿರಲಿಲ್ಲ.

"ಹಾಳೆ ಮುಗಿದ ಮೇಲೆ ಈ ಗೆರೆ ಎಲ್ಲಿಗೆ ಹೋಯ್ತು ಸಿಸ್ಟರ್?"

ನರ್ಸಮ್ಮ ಎರಡೂ ಅಂಗೈಯನ್ನು ರೆಕ್ಸಿನ್ನಿನ ಮೇಲೆ ಒತ್ತಿ ಇಟ್ಟರು.

"ದಫೇದಾರ್ರೇ, ಬ್ಲೇಡ್ ಇದೆಯಾ?"

"ಮೀಸೆ ಇದ್ದೋನ ಹತ್ರ ಬ್ಲೇಡ್ ಇರಲ್ಲ ಅಂದ್ಕೊಂಡ್ರಾ ಮೇಡಂ?" ಎನ್ನುತ್ತಾ ದಫೇದಾರರು ಬಂದು ರೆಕ್ಸಿನ್ನಿನ ಒಂದು ಮೂಲೆ ಕೊಯ್ದರು. ಎರಡೂ ಕೈಯಲ್ಲಿ ಹಿಡಿದು ಎಳೆದರು. ಪರ್ರ್ ಎಂದು ಹರಿಯಿತು.

ಆಮೇಲೆ ಅವರೂ ತಮಾಷೆ ಮಾಡಲಿಲ್ಲ.

ಮರದ ಹಲಗೆಯ ತುಂಬ ನೀಲಿ ಶಾಯಿಯ ಸುತ್ತುಗಳು. ಒಂದರ ಮೇಲೆ ಒಂದು, ಅದರ ಮೇಲೆ ಇನ್ನೊಂದು. ಹೊರಗಿನ ಸುತ್ತುಗಳಲ್ಲಿ ಶಾಯಿಯೂ ಇರಲಿಲ್ಲ, ಬರೀ ಗೀರು. ಉಗುರು ಪೂರ್ತಿ ಇಳಿಯುವಷ್ಟು ಆಳ. ಒಂದು ಕಡೆ ಮುರಿದ ಪೆನ್ನಿನ ಮುಳ್ಳು ಮರದಲ್ಲೇ ಸಿಕ್ಕಿಕೊಂಡು ಹೊಳೆಯುತ್ತಿತ್ತು.

"ಇದು ಬರೆದಿದ್ದಲ್ಲ ಮೇಡಂ," ಎಂದರು ದಫೇದಾರರು ಮೆಲ್ಲಗೆ. "ಉತ್ತಿರೋದು."

ನರ್ಸಮ್ಮ ಕುರ್ಚಿಯಲ್ಲಿ ಕುಸಿದು ಕೂತರು. ಕೂತವರೇ ಎಲ್ಲ ಹೇಳಿಬಿಟ್ಟರು. ಹೇಳಿಕೊಳ್ಳಲು ಯಾರಾದರೂ ಸಿಕ್ಕಿದರೆ ಸಾಕು ಎಂದು ಹದಿನಾರು ದಿನದಿಂದ ಕಾಯುತ್ತಿದ್ದವರ ಹಾಗೆ.

"ನಾನು ಸಾಕು ಮಾಸ್ಟರೇ ಅಂದೆ. ನಿಲ್ಲಿಸ್ತೀನಿ ಸಿಸ್ಟರ್ ಅಂದ್ರು. ನಿಲ್ಲಿಸಲೇ ಇಲ್ಲ. ನಗ್ತಾ ಇದ್ರು ಮೇಡಂ, ನಗ್ತಾ ನಗ್ತಾ ಮುಖ ಬೆವರೋಕೆ ಶುರುವಾಯ್ತು. ಪೆನ್ನು ಕಿತ್ಕೊಳ್ಳೋಕೆ ಹೋದೆ. ಮುಟ್ಟಿದ್ದೇ ತಡ, ಇನ್ನೂ ಒತ್ತಿ ಒತ್ತಿ ಸುತ್ತೋಕೆ ಹತ್ತಿದ್ರು. ಮುಳ್ಳು ಮುರೀತು. ಆದ್ರೂ ಕೈ ಸುತ್ತುತ್ತಾನೇ ಇತ್ತು."

"ಕೊನೆಗೆ ಹೇಗೆ ನಿಂತಿತು?"

"ಏನ್ ಮಾಡಬೇಕು ಅಂತ ತಿಳೀದೆ ಮಾತಾಡಿಸ್ತಾ ಕೂತೆ. ಮನೆ ವಿಷಯ, ಮಕ್ಕಳ ವಿಷಯ. ಒಂದು ಹತ್ತು ನಿಮಿಷಕ್ಕೆ ತಾನಾಗೇ ನಿಧಾನ ಆಯ್ತು. ಹೋಗುವಾಗ ಬಲಗೈ ಪ್ಯಾಂಟಿನ ಜೇಬಲ್ಲಿ ಇಟ್ಕೊಂಡು ಹೋದ್ರು." ನರ್ಸಮ್ಮ ಕಣ್ಣೊರೆಸಿಕೊಂಡರು. "ಜೇಬಿನೊಳಗೆ ಇನ್ನೂ ಸುತ್ತುತ್ತಾ ಇತ್ತು ಮೇಡಂ. ನಾನು ನೋಡ್ದೆ."

ಅದು ಬೆಳಿಗ್ಗೆ ಹತ್ತೂವರೆಗೆ. ಮಾಸ್ಟರು ಸತ್ತದ್ದು ಅದೇ ದಿನ ಹನ್ನೆರಡಕ್ಕೆ.

ಅವನ ಅಂಗಡಿಯನ್ನು ನಾನು ನೋಡಿದ್ದೆ. ಕೋಟಿನ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಗೆರೆ ಹಾಕಿದ ಬೂದು ಬಟ್ಟೆ. ಬಟ್ಟೆಯನ್ನು ಒತ್ತಿ ಹಿಡಿದಿದ್ದ ಎಡಗೈ. ಕತ್ತರಿ ಸೀಮೆಸುಣ್ಣದ ಗೆರೆ ಮುಗಿದ ಮೇಲೂ ನೇರವಾಗಿ ಹೋಗಿತ್ತು, ಬಟ್ಟೆಯನ್ನೂ ಕೈಯನ್ನೂ ಒಟ್ಟಿಗೆ ಸೀಳಿಕೊಂಡು, ಮಣಿಕಟ್ಟಿನವರೆಗೆ. ಎದುರಿನ ಗುಂಡಿ ಅಂಗಡಿಯವನು ಸಾಕ್ಷಿ ಹೇಳಿದ್ದ. "ಮಾಸ್ಟರು ಕೂಗ್ತಾ ಇದ್ರು ಮೇಡಂ. ಸಾಕು, ನಿಲ್ಲಿಸು, ಸಾಕು ನಿಲ್ಲಿಸೋ ಅಂತ. ಯಾರ್ಗೋ ಬೈತಾ ಇದಾರೆ ಅಂದ್ಕೊಂಡೆ."

ನಿಲ್ಲಿಸೋ ಎಂದು ಕೂಗಬೇಕಾದರೆ ಅಂಗಡಿಯಲ್ಲಿ ಎರಡನೆಯವನು ಇರಬೇಕು. ಇದು ನನ್ನ ಲೆಕ್ಕಾಚಾರ. ಆ ಎರಡನೆಯವನನ್ನು ನಾನು ಹುಡುಕಿಯೂ ಬಿಟ್ಟೆ. ಮಾಸ್ಟರನ ಬಾಮೈದ. ಹತ್ತು ನಿಮಿಷ ಮುಂಚೆ ಅಂಗಡಿಯಿಂದ ಹೊರಗೆ ಬಂದಿದ್ದ, ಭಾವನ ಜೊತೆ ಮಾತಿಗೆ ಮಾತು ಬೆಳೆಸಿದ್ದ. ಹದಿಮೂರು ದಿನದಿಂದ ಅವನು ನಮ್ಮ ಲಾಕಪ್ಪಿನಲ್ಲಿದ್ದಾನೆ. "ನಾನು ಹೋದಾಗ ಭಾವ ಚೆನ್ನಾಗೇ ಇದ್ರು" ಎಂದು ಅವನು ಅತ್ತಾಗಲೆಲ್ಲ ನಾನು ನಾಟಕ ಸಾಕು ಎಂದಿದ್ದೆ. ಅಂಗಡಿಯಲ್ಲಿ ಇನ್ನೊಬ್ಬ ಇರಲೇ ಇಲ್ಲ. ಮಾಸ್ಟರು ಕೂಗಿ ಬೇಡಿಕೊಂಡದ್ದು ತನ್ನ ಬಲಗೈಯನ್ನು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ಕ್ಯಾಂಟೀನಿನ ವಿಷಯವೂ ಆ ಬೆಳಕಿನಲ್ಲಿ ಬೇರೆಯಾಗಿ ಕಂಡಿತು. ಅಡುಗೆಯವನು ಈರುಳ್ಳಿ ಹೆಚ್ಚುತ್ತಿದ್ದ. ಈರುಳ್ಳಿ ಮುಗಿದ ಮೇಲೂ ಬರೀ ಮಣೆಯ ಮೇಲೆ ಹೆಚ್ಚುತ್ತಲೇ ಇದ್ದ. ಎಲ್ಲರೂ ನಕ್ಕರು. ಗೆಳೆಯ ಬಂದು "ಏನೋ ಹುಚ್ಚು ನಿಂಗೆ" ಎಂದು ಮಣಿಕಟ್ಟು ಹಿಡಿದುಕೊಂಡ. ಹಿಡಿದುಕೊಂಡದ್ದೇ ಅವನ ಪಾಲಿಗೆ ಮುಳುವಾಯಿತು. "ನಾನು ನಿಲ್ಲಿಸ್ತಾ ಇದ್ದೆ, ಆಣೆಗೂ ನಿಲ್ಲಿಸ್ತಾ ಇದ್ದೆ" ಎಂದು ಅಡುಗೆಯವನು ಜೈಲಿನ ಆಸ್ಪತ್ರೆಯಲ್ಲಿ ಗೋಳಾಡುತ್ತಿದ್ದಾನೆ. ಅವನ ಕೈಯನ್ನು ಮಂಚಕ್ಕೆ ಪಟ್ಟಿ ಹಾಕಿ ಕಟ್ಟಿದರು. ಆ ಕೈ ಪಟ್ಟಿಯ ವಿರುದ್ಧ ಎಳೆದೂ ಎಳೆದೂ ತನ್ನ ಮೂಳೆಯನ್ನು ತಾನೇ ಮುರಿದುಕೊಂಡಿತು.

"ನನ್ನ ಮೇಜು ಹಾಳು ಮಾಡೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು?"

ಒಳಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಸಣಕಲು ಮೈ, ಮೃದುವಾದ ದನಿ, ತೊಳೆದು ತೊಳೆದು ಬಿಳಿಚಿದ ಬೆರಳುಗಳು. ಆರು ವಾರದ ಹಿಂದೆ ಈ ಮನುಷ್ಯ ನನಗೆ ದೇವರಂತೆ ಕಂಡಿದ್ದರು.

"ಹಾಳು ಮಾಡಿದ್ದು ನಾನಲ್ಲ ಡಾಕ್ಟರೇ, ನಿಮ್ಮ ಇಂಜೆಕ್ಷನ್ನು. ಬನ್ನಿ, ಹತ್ತಿರ ಬಂದು ನೋಡಿ. ಇದಕ್ಕೂ ಅತ್ಯುತ್ತಮ ಅಂತ ಬರೀತೀರಾ?"

ಅವರು ಬರಲಿಲ್ಲ. ನೋಡಬೇಕಾಗಿರಲಿಲ್ಲ, ಅವರಿಗೆ ಗೊತ್ತಿತ್ತು.

"ರೆಕ್ಸಿನ್ ಹಾಕಿಸಿದ್ದು ಯಾರು?"

ನರ್ಸಮ್ಮ ಡಾಕ್ಟರ ಮುಖ ನೋಡಿದರು. ಡಾಕ್ಟರು ನೆಲ ನೋಡಿದರು.

"ನಾನೇ ಹೇಳಿದೆ. ಆ ಟೈಲರ್ ತೀರಿಕೊಂಡ ಮರುದಿನ."

"ಅಂದ್ರೆ ಗೊತ್ತಿತ್ತು ನಿಮಗೆ."

"ಅನುಮಾನ ಇತ್ತು ಮೇಡಂ. ಬರೀ ಅನುಮಾನ."

"ಅನುಮಾನ ಬಂದ್ರೆ ರೋಗಿಗಳನ್ನ ಕರೀತಾರೆ ಡಾಕ್ಟರೇ, ರೆಕ್ಸಿನ್ ಅಂಗಡಿಯೋನನ್ನಲ್ಲ!" ನನ್ನ ಬಾಯಿ ಮೊದಲೇ ಜೋರು, ಈಗ ಕೋಣೆಯ ಗಾಜು ಅದುರುವಷ್ಟು ಜೋರಾಯಿತು. "ನೀವು ಮೇಜಿಗೆ ಬಟ್ಟೆ ಹೊದಿಸ್ತಾ ಇದ್ದಾಗ ನಾನು ಒಬ್ಬ ನಿರಪರಾಧೀನ ಒಳಗೆ ಹಾಕಿ ಕೂತಿದ್ದೆ. ನೀವು ಅವತ್ತೇ ಬಾಯಿ ಬಿಟ್ಟಿದ್ರೆ ಕ್ಯಾಂಟೀನಲ್ಲಿ ಒಬ್ಬ ಬದುಕಿರ್ತಿದ್ದ."

ಡಾಕ್ಟರು ಗೋಡೆಗೆ ಒರಗಿದರು. ಆಮೇಲೆ ಪಾಠ ಹೇಳುವವರ ಹಾಗೆ ಶುರು ಮಾಡಿದರು. ಬಹುಶಃ ಅವರಿಗೆ ಬೇರೆ ರೀತಿ ಮಾತಾಡಲು ಬರುತ್ತಿರಲಿಲ್ಲ.

"ನಡುಕ ಅಂದ್ರೆ ಏನು ಗೊತ್ತಾ? ತಲೆಯಿಂದ ಕೈಗೆ ಎರಡು ಮಾತು ಹೋಗತ್ತೆ. ಒಂದು, ಹೋಗು ಅಂತ. ಇನ್ನೊಂದು, ನಿಲ್ಲು ಅಂತ. ನಮ್ಮ ನಿಮ್ಮಲ್ಲಿ ಅವು ಸರದಿ ಪ್ರಕಾರ ಬರ್ತವೆ. ಈ ರೋಗಿಗಳಲ್ಲಿ ಎರಡೂ ಒಟ್ಟಿಗೆ ಬಂದು ಜಗಳ ಆಡ್ತವೆ. ಆ ಜಗಳವೇ ನಡುಕ. ನಾನು ಒಂದರ ದನಿ ಸ್ವಲ್ಪ ತಗ್ಗಿಸಿದೆ, ಅಷ್ಟೇ."

"ಯಾವುದರ ದನಿ?"

ಅವರು ಮೇಜಿನ ಗೀರುಗಳನ್ನು ಮೊದಲ ಸಲ ನೇರವಾಗಿ ನೋಡಿದರು.

"ನಿಲ್ಲು ಅನ್ನೋದರ ದನಿ," ಎಂದರು. "ತಗ್ಗತ್ತೆ ಅಂದ್ಕೊಂಡಿದ್ದೆ. ಪೂರ್ತಿ ಅಡಗಿಹೋಗತ್ತೆ ಅಂದ್ಕೊಂಡಿರಲಿಲ್ಲ. ಅಲ್ಲದೆ ಅದು ಅಡಗಿದ ಮೇಲೆ ರೋಗಿ ತಾನು ನಿಲ್ಲಿಸಬೇಕು ಅಂತ ಎಷ್ಟು ಒದ್ದಾಡ್ತಾನೋ ಆ ಬಲ ಎಲ್ಲ ಕೈಗೆ ಹೋಗು ಅಂತಲೇ ಕೇಳಿಸತ್ತೆ. ಹೊರಗಿನಿಂದ ಯಾರಾದ್ರೂ ಹಿಡಿದ್ರೂ ಅಷ್ಟೇ. ಅಡ್ಡ ಬಂದಷ್ಟೂ ಜೋರು."

ದಫೇದಾರರು ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು ಬೆನ್ನ ಹಿಂದೆ ಕಟ್ಟಿಕೊಂಡರು.

"ಇನ್ನೂ ಇಪ್ಪತ್ತೊಂದು ಜನ ಇದಾರೆ ಮೇಡಂ," ಡಾಕ್ಟರ ದನಿ ಬೇಡುವಂತಾಯಿತು. "ಏಳು ವರ್ಷದ ಮೇಲೆ ಒಬ್ರು ತಮ್ಮ ಹೆಸರು ತಾವೇ ಬರೆದ್ರು. ಇಲ್ಲೇ, ಈ ಕುರ್ಚೀಲಿ ಕೂತು ಅತ್ರು. ಅದನ್ನೂ ಸ್ವಲ್ಪ ಯೋಚಿಸಿ."

ಅವರ ನೋವು ಸುಳ್ಳಾಗಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಆಗ ಒಂದೇ ಒಂದು ಪ್ರಶ್ನೆ ಇತ್ತು. ಅದನ್ನು ಕೇಳಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಅಷ್ಟು ಹೊತ್ತು ಕೂಗಾಡಿದ್ದು ಆ ಪ್ರಶ್ನೆಯನ್ನು ಮುಂದೂಡಲಿಕ್ಕೇ ಇರಬೇಕು.

"ಎಷ್ಟು ಇಂಜೆಕ್ಷನ್ ಆದ ಮೇಲೆ ಹೀಗಾಗತ್ತೆ?"

"ಇಬ್ಬರಿಗೂ ಒಂಬತ್ತನೆಯದು ಆದ ಮೇಲೆ. ವಾರಕ್ಕೆ ಒಂದರಂತೆ ಒಂಬತ್ತು."

"ನನ್ನ ತಂಗಿಗೆ ಇದು ಆರನೇ ವಾರ."

ಡಾಕ್ಟರ ಮುಖ ತಿಳಿಯಾಯಿತು. "ಹಾಗಿದ್ರೆ ಗಾಬರಿ ಬೇಡ. ಆರಕ್ಕೆ ಏನೂ ಆಗಲ್ಲ. ಇವತ್ತಿನಿಂದಲೇ ನಿಲ್ಲಿಸೋಣ, ತಿಂಗಳಲ್ಲಿ ಔಷಧಿ ಮೈಯಿಂದ ಇಳಿದುಹೋಗತ್ತೆ. ನಡುಕ ವಾಪಸ್ ಬರತ್ತೆ, ಅಷ್ಟೇ."

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಹೋದ ಜೀವ ಬಂದ ಹಾಗಾಯಿತು. ನಡುಗಲಿ, ಬೇಕಾದಷ್ಟು ನಡುಗಲಿ ನನ್ನ ತಂಗಿಯ ಕೈ. ಇಬ್ಬರು ಸತ್ತರು, ಒಬ್ಬ ಕೊಲೆಗಾರನಾದ, ಒಬ್ಬ ಲಾಕಪ್ಪಿನಲ್ಲಿದ್ದಾನೆ. ಆದರೂ ಆ ಗಳಿಗೆಯಲ್ಲಿ ನನಗೆ ಆ ಡಾಕ್ಟರನ್ನು ತಬ್ಬಿಕೊಳ್ಳಬೇಕೆನಿಸಿತು. ಹೇಳಲು ಸಂಕೋಚವಾಗುತ್ತದೆ, ಆದರೆ ನಿಜ.

"ಮೇಡಂ."

ನರ್ಸಮ್ಮ ಎದ್ದು ನಿಂತಿದ್ದರು.

"ನಿಮ್ಮ ತಂಗಿಗೆ ಆರಲ್ಲ ಮೇಡಂ."

"ಏನು ಆರಲ್ಲ?"

"ನೀವೇ ಹೇಳಿದ್ರಲ್ಲ, ಮೊದಲನೇ ದಿನ. ನಮ್ಮ ಹುಡುಗಿ ಸಿಸ್ಟರ್, ಎಲ್ಲರ ಹಾಗಲ್ಲ, ಸ್ವಲ್ಪ ವಿಶೇಷವಾಗಿ ನೋಡ್ಕೊಳ್ಳಿ ಅಂತ." ಅವರು ಏಪ್ರನ್ನಿನ ಅಂಚನ್ನು ಹಿಂಡಿದರು. "ಆಯಮ್ಮನೂ ಬಂದಾಗೆಲ್ಲ ಅಳ್ತಾ ಇದ್ರು, ಮಗೂನ ಎತ್ಕೊಳ್ಳೋಕೂ ಆಗಲ್ವಲ್ಲ ಸಿಸ್ಟರ್ ಅಂತ. ನಾನೂ ಹೆತ್ತವಳು ಮೇಡಂ. ಬೇಗ ಗುಣ ಆಗ್ಲಿ ಅಂತ ವಾರಕ್ಕೆ ಎರಡೆರಡು ಕೊಟ್ಟೆ. ಶುರುವಲ್ಲೇ ಬಿಟ್ಟುಹೋದೋರ ಸೀಸೆಗಳು ಫ್ರಿಜ್ಜಲ್ಲಿ ಹಾಗೇ ಇದ್ವು. ಫೈಲಲ್ಲಿ ಬರೀಲಿಲ್ಲ."

ಡಾಕ್ಟರು "ಏನು ಮಾಡಿಬಿಟ್ರಿ ನೀವು" ಎಂದರು. ಅವರಿಗೂ ಇದು ಹೊಸ ಸುದ್ದಿ.

"ಎಷ್ಟಾಯ್ತು?" ಅಂದೆ.

"ನಿನ್ನೆಗೆ ಹನ್ನೆರಡು."

"ನಿನ್ನೆ ಅವಳು ಗೆರೆ ಹಾಕಿದ ಹಾಳೆ ತೋರಿಸಿ."

"ಹಾಳೆ ಇಲ್ಲ ಮೇಡಂ. ಹರಿದುಹೋಯ್ತು."

ಸ್ವಲ್ಪ ನೋಡಿಕೊಳ್ಳಿ. ಈ ಮಾತನ್ನು ನಾನು ಜೀವನದಲ್ಲಿ ಎಷ್ಟು ಕಡೆ ಆಡಿಲ್ಲ! ಶಾಲೆಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಕಂಡಕ್ಟರನಿಗೆ. ಖಾಕಿ ತೊಟ್ಟವಳು ಆಡಿದರೆ ಕೆಲಸವಾಗುತ್ತದೆ ಎಂದು ಗೊತ್ತಿದ್ದೇ ಆಡಿದ್ದೆ. ಇಲ್ಲೂ ಕೆಲಸವಾಗಿತ್ತು. ನಿನ್ನೆ ಸಂಜೆ ತಂಗಿ ಫೋನ್ ಮಾಡಿ "ಅಕ್ಕ, ಪಾಪುಗೆ ಇವತ್ತು ನಾನೇ ಸ್ನಾನ ಮಾಡಿಸಿದೆ, ನಾನೊಬ್ಳೇ" ಎಂದು ಕುಣಿದಾಡಿದ್ದಳು. ನಾನೂ ಕುಣಿದಿದ್ದೆ.

ಫೋನು ತೆಗೆದು ಅವಳ ನಂಬರು ಒತ್ತಿದೆ. ಎರಡು ಸಲ ತಪ್ಪು ಒತ್ತಿದೆ. ಮೂರನೇ ಸಲ ರಿಂಗಾಯಿತು. ಆಗುತ್ತಲೇ ಇತ್ತು. ಇನ್ನೇನು ನಿಲ್ಲುತ್ತದೆ ಅನ್ನುವಾಗ ಎತ್ತಿದಳು.

"ಅಕ್ಕ, ಮೆಲ್ಲಗೆ ಮಾತಾಡು," ಪಿಸುದನಿ. "ಪಾಪು ಮಲಗಿದೆ."

"ಪುಟ್ಟೀ, ಚೆನ್ನಾಗಿದ್ದೀಯೇನೇ?"

"ಹೂಂ."

ಆಮೇಲೆ ನನಗೆ ಹಿಂದಿನ ಸದ್ದು ಕೇಳಿಸಿತು. ತಟ್, ತಟ್, ತಟ್. ಮೆತ್ತನೆಯ, ಒಂದೇ ಲಯದ ಸದ್ದು.

"ಅದೇನೇ ಸದ್ದು?"

"ಬೆನ್ನು ತಟ್ತಾ ಇದೀನಿ."

"ಪಾಪು ಮಲಗಿ ಎಷ್ಟು ಹೊತ್ತಾಯ್ತು?"

ತಟ್, ತಟ್, ತಟ್.

"ಮುಕ್ಕಾಲು ಗಂಟೆ ಆಯ್ತು ಅಕ್ಕ," ಎಂದಳು. ನಗಲು ನೋಡಿದಳು. "ಫೋನು ಮೂಗಲ್ಲಿ ಒತ್ತಿ ಎತ್ತಿ ಸ್ಪೀಕರ್ ಹಾಕಿದೆ ಗೊತ್ತಾ? ಕಿಟಕಿ ಕಟ್ಟೆ ಮೇಲಿತ್ತು, ಪುಣ್ಯ. ಕೈ ಖಾಲಿ ಇಲ್ಲ ನೋಡು. ಅಕ್ಕ, ನಂಗೆ ಯಾಕೋ ಹೆದರಿಕೆ ಆಗ್ತಿದೆ."

"ಎಡಗೈ ಎಲ್ಲಿದೆ?"

"ಪಾಪುನ ಹೆಗಲಿಗೆ ಅವಚಿಕೊಂಡಿದೀನಲ್ಲ, ಎಡಗೈಯಲ್ಲೇ. ಅದೂ ಬಿಡ್ತಾ ಇಲ್ಲ. ಬಿಡಬೇಕು ಅಂದ್ಕೊಂಡಷ್ಟೂ ಬಿಗಿಯಾಗ್ತಾ ಇದೆ."

ಡಾಕ್ಟರು ಆಗಲೇ ಚೀಲಕ್ಕೆ ಸಿರಿಂಜು ತುಂಬುತ್ತಿದ್ದರು. ನಾನು ಫೋನಿನ ಬಾಯಿಗೆ ಅಂಗೈ ಒತ್ತಿ ಅವರನ್ನು ನೋಡಿದೆ.

"ನಿದ್ದೆ ಇಂಜೆಕ್ಷನ್ ಒಂದೇ ದಾರಿ," ಎಂದರು. "ನಾವು ಹೋಗೋವರೆಗೆ ಯಾರೂ ಮಗೂನ ಎಳೀಬಾರದು. ಅವರೂ ನಿಲ್ಲಿಸೋಕೆ ಹೋಗಬಾರದು. ತಟ್ಟಬೇಕು ಅಂತ ಮನಸ್ಸು ಮಾಡಿ ತಟ್ಟಲಿ. ಆಗ ತಾನಾಗೇ ತಗ್ಗಬಹುದು."

ದಫೇದಾರರು ಜೀಪು ತರಲು ಓಡಿದರು. ಅಷ್ಟು ದೊಡ್ಡ ಮೈಯ ಮನುಷ್ಯ ಅಷ್ಟು ಜೋರಾಗಿ ಓಡಿದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ನರ್ಸಮ್ಮನಿಗೆ ಉಳಿದ ಇಪ್ಪತ್ತು ಜನರಿಗೂ ಫೋನ್ ಮಾಡಿ ಕೈಯಲ್ಲಿ ಏನಿದ್ದರೂ ಕೆಳಗಿಡಲು ಹೇಳಿ ಎಂದೆ. ಅವರು ಅಳುತ್ತಲೇ ಪಟ್ಟಿ ಹುಡುಕತೊಡಗಿದರು.

ಕ್ಲಿನಿಕ್ಕಿನಿಂದ ತಂಗಿಯ ಮನೆಗೆ ಹನ್ನೆರಡು ನಿಮಿಷದ ದಾರಿ.

"ಪುಟ್ಟಿ, ನಾನು ಬರ್ತಾ ಇದೀನಿ. ಡಾಕ್ಟರೂ ಜೊತೆಗಿದಾರೆ. ಮನೇಲಿ ಯಾರಿದಾರೆ?"

"ಯಾರೂ ಇಲ್ಲ. ಇವರು ಕೆಲಸಕ್ಕೆ ಹೋಗಿದಾರೆ. ಅತ್ತೆ ಪಕ್ಕದ ಮನೆಗೆ ಹೋಗಿದಾರೆ."

ಸದ್ಯ, ಎಂದುಕೊಂಡೆ. "ಒಳ್ಳೇದಾಯ್ತು. ಈಗ ನಾನು ಹೇಳಿದ ಹಾಗೆ ಕೇಳು. ನಿಲ್ಲಿಸೋಕೆ ನೋಡಬೇಡ. ತಟ್ಟು."

"ತಟ್ಟೋದಾ? ಅಕ್ಕ, ನಿಲ್ತಾ ಇಲ್ಲ ಅಂತಾನೇ ಅಲ್ವಾ ನಾನು..."

"ಗೊತ್ತು. ಆದ್ರೂ ತಟ್ಟು. ಪಾಪುಗೆ ಇನ್ನೂ ನಿದ್ದೆ ಬಂದಿಲ್ಲ ಅಂತ ಅಂದ್ಕೋ. ಇನ್ನೊಂದು ಹತ್ತು ನಿಮಿಷ ಪ್ರೀತಿಯಿಂದ ತಟ್ಟು, ಮೆಲ್ಲಗೆ."

ಜೀಪು ಸಂತೆಬೀದಿ ದಾಟಿತು. ದಫೇದಾರರು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಡಾಕ್ಟರು ಚೀಲವನ್ನು ಎದೆಗವಚಿಕೊಂಡು ಕೂತಿದ್ದರು.

"ನಿಂಗೆ ನೆನಪಿದೆಯಾ," ಅಂದೆ, "ನೀನು ಚಿಕ್ಕೋಳಿದ್ದಾಗ ನಾನು ತಟ್ಟಿ ಮಲಗಿಸ್ತಿದ್ದೆ. ಕೈ ನೋವು ಬಂದು ನಿಲ್ಲಿಸಿದ್ರೆ ಮುಚ್ಚಿದ ಕಣ್ಣಲ್ಲೇ 'ಇನ್ನೂ' ಅಂತಿದ್ದೆ."

"ನೀನು ಚಿವುಟ್ತಿದ್ದೆ."

"ಚಿವುಟದೇ ಇನ್ನೇನು, ಮುತ್ತು ಕೊಡಬೇಕಿತ್ತಾ? ಶನಿ ಹಾಗೆ ಕಾಡ್ತಿದ್ದೆ."

ಈ ಸಲ ಅವಳು ನಿಜಕ್ಕೂ ನಕ್ಕಳು. ಸಣ್ಣದಾಗಿ ಏನೋ ಗುನುಗತೊಡಗಿದಳು, ಅಮ್ಮ ಗುನುಗುತ್ತಿದ್ದ ಮಾತಿಲ್ಲದ ರಾಗ. ತಟ್, ತಟ್. ಎರಡು ಸದ್ದುಗಳ ನಡುವೆ ಸ್ವಲ್ಪ ಬಿಡುವು ಬಂತು. ನಾನು ಎಣಿಸಿದೆ. ತಟ್. ಇನ್ನೂ ಸ್ವಲ್ಪ ಬಿಡುವು. ತಟ್.

"ಅಕ್ಕ," ಅವಳ ದನಿಯಲ್ಲಿ ಅಳು ಮತ್ತು ಸಂತೋಷ ಎರಡೂ ಇದ್ದವು. "ನಿಧಾನ ಆಗ್ತಾ ಇದೆ. ಎಡಗೈನೂ ಸ್ವಲ್ಪ ಸಡಿಲ ಆಯ್ತು. ಪಾಪು ಉಸಿರು ನನ್ನ ಕತ್ತಿಗೆ ತಾಗ್ತಾ ಇದೆ."

"ಹಾಗೇ ಇರು ನನ್ನ ಬಂಗಾರ. ನಾಲ್ಕು ನಿಮಿಷ. ಬರೀ ನಾಲ್ಕು ನಿಮಿಷ."

ಡಾಕ್ಟರು ಹಿಂದಿನಿಂದ ನನ್ನ ಭುಜ ಮುಟ್ಟಿ ತಲೆಯಾಡಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಕಂಡ ಕಂಡ ದೇವರಿಗೆಲ್ಲ ಹೇಳಿಕೊಂಡೆ. ಈ ಒಂದು ಸಲ ಕಾಪಾಡಿದರೆ ಇನ್ನು ಯಾರಿಗೂ ನೋಡಿಕೊಳ್ಳಿ ಎಂದು ಹೇಳುವುದಿಲ್ಲ ಎಂದೂ ಸೇರಿಸಿದೆ.

ಫೋನಿನಲ್ಲಿ ಗೇಟಿನ ಚಿಲಕದ ಸದ್ದಾಯಿತು. ಚಪ್ಪಲಿ ಬಿಟ್ಟ ಸದ್ದು. ಬಳೆಗಳ ಸದ್ದು.

"ಅಯ್ಯೋ, ಇನ್ನೂ ಹೆಗಲ ಮೇಲೇ ಇದೆಯಾ ಕಂದ?" ತಂಗಿಯ ಅತ್ತೆ. ಒಳ್ಳೆಯ ಹೆಂಗಸು, ಸೊಸೆ ಎಂದರೆ ಮಗಳಷ್ಟೇ ಪ್ರೀತಿ. "ತೋಳು ಬಿದ್ದುಹೋಗತ್ತೆ ನಿಂಗೆ. ಕೊಡಮ್ಮ ಇಲ್ಲಿ, ತೊಟ್ಟಿಲಿಗೆ ಹಾಕ್ತೀನಿ."

"ಬೇಡ ಅತ್ತೆ, ಮುಟ್ಟಬೇಡಿ."

"ಚೆನ್ನಾಗಿದೆ! ನನ್ನ ಮೊಮ್ಮಗಳನ್ನ ನಾನು ಮುಟ್ಟಬಾರದಾ?"

"ಅಮ್ಮಾ!" ನಾನು ಜೀಪಿನಲ್ಲಿ ಕಿರುಚಿದೆ. "ಅಮ್ಮಾ, ಎಳೀಬೇಡಿ! ಮಗೂನ ಎಳೀಬೇಡಿ!"

"ಯಾರೇ ಅದು ಫೋನಲ್ಲಿ ಅರಚ್ತಿರೋದು, ಮಗು ಎದ್ದುಬಿಡತ್ತೆ. ಕೊಡು, ಬಿಡು ಕೈ. ಬಿಡೇ... ಇದೇನೇ ಇಷ್ಟು ಬಿಗಿ?"

ತಟ್ ತಟ್ ತಟ್ ತಟ್. ಲಯ ತಪ್ಪಿತು. ಬಳೆಗಳು ಒಂದಕ್ಕೊಂದು ಬಡಿದವು. "ಅತ್ತೇ!" ಎಂದು ನನ್ನ ತಂಗಿ ಕೂಗಿದಳು. ಏನೋ ಉರುಳಿಬಿತ್ತು. ಸದ್ದು ಇನ್ನೂ ಜೋರಾಯಿತು, ಇನ್ನೂ ಬೇಗ ಬೇಗ, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಗುತ್ತದೋ ತಿಳಿಯದಷ್ಟು.

"ಎಡಕ್ಕೆ ದಫೇದಾರ್ರೇ, ಎಡಕ್ಕೆ!"

ಜೀಪು ಅವಳ ಬೀದಿಗೆ ಹೊರಳಿತು. ದೂರದಲ್ಲಿ ಅವಳ ಮನೆಯ ನೀಲಿ ಕಿಟಕಿ ಕಂಡಿತು.

ತಟ್ಟುವ ಸದ್ದು ಒಮ್ಮೆಲೇ ನಿಂತುಹೋಯಿತು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಲೈನು ಕಡಿದಿರಲಿಲ್ಲ. ಅಲ್ಲಿ ಯಾರೂ ಮಾತಾಡಲಿಲ್ಲ. ಮಗುವೂ ಅಳಲಿಲ್ಲ.